ಬಿಳಿ ಗೆಕ್ಕೊಗಳ ಪಟ್ಟೆ ಮರಿಗಳು

ತವುಡಿನ ವಾಸನೆ. ಹಿಟ್ಟಿನ ಗಿರಣಿಯ ಬೆಲ್ಟು ಪಟಪಟ ಬಡಿಯುತ್ತಿರುವಾಗ, ಖಾಲಿ ಡಬ್ಬಿಯನ್ನು ತಲೆಗೆ ಟೋಪಿಯಂತೆ ಹಾಕಿಕೊಂಡು ಸರದಿಗೆ ಕಾಯುತ್ತಿದ್ದ ಪುಟ್ಟ ಹುಡುಗಿಯ ಮೂಗಿಗೆ ಬರುತ್ತಿದ್ದ ಅದೇ ಬೆಚ್ಚನೆಯ, ತುಸು ಸಿಹಿಯಾದ ವಾಸನೆ. ತಮ್ಮ ಬಾಲ್ಯದ ಆ ವಾಸನೆ ಹಲ್ಲಿಗಳ ಕೋಣೆಯಲ್ಲಿ ಮತ್ತೆ ಸಿಕ್ಕೀತೆಂದು ಬೆರಳಮ್ಮ ಕನಸಿನಲ್ಲೂ ಎಣಿಸಿರಲಿಲ್ಲ.

“ಹುಳುಗಳಿಗೆ ಹಾಕೋ ತವುಡು ಅದು,” ಎಂದರು ಬಣ್ಣದ ಮಾವ. “ಹುಳು ತವುಡು ತಿನ್ನುತ್ತೆ. ಇವರು ಹುಳು ತಿಂತಾರೆ.”

ತಮ್ಮ ಗೆಕ್ಕೊ ಹಲ್ಲಿಗಳನ್ನು ಅವರು ‘ಅವು’ ಎಂದು ಕರೆದದ್ದೇ ಇಲ್ಲ.

ಬೆರಳಮ್ಮ ಮೇಜಿನ ಮೇಲೆ ಬಾಗಿ ತಮ್ಮ ಕೆಲಸ ಮುಂದುವರಿಸಿದರು. ಪೊಲೀಸ್ ಇಲಾಖೆಯ ಬೆರಳ ಮುದ್ರೆ ವಿಭಾಗದಲ್ಲಿ ಭೂತಗನ್ನಡಿ ಹಿಡಿದೇ ತಲೆ ನರೆಸಿಕೊಂಡವರು ಅವರು. ನಿವೃತ್ತಿಯಾದರೂ ಹೆಸರು ಬಿಟ್ಟಿರಲಿಲ್ಲ, ಭೂತಗನ್ನಡಿಯೂ ಬಿಟ್ಟಿರಲಿಲ್ಲ. ಈಗ ಅದರಡಿ ಇದ್ದದ್ದು ಒಡೆದು ಮುದುಡಿದ ಎರಡು ಮೊಟ್ಟೆಯ ಸಿಪ್ಪೆಗಳು.

ಎರಡು ಬಿಳಿ ಗೆಕ್ಕೊಗಳಿಗೆ ಹುಟ್ಟಿದ ಮರಿಗಳು ಕಪ್ಪು ಪಟ್ಟೆ ಹೊತ್ತು ಬಂದಿದ್ದವು. ಮಾವ ಪ್ರದರ್ಶನಕ್ಕೆಂದು ಪರವೂರಿಗೆ ಹೋದಾಗ ಈ ಕೋಣೆಯ ಕೀಲಿ ಇದ್ದದ್ದು ಸೊಸೆಯ ಹತ್ತಿರ. ಅವಳೇ ಅಸಲಿ ಮೊಟ್ಟೆ ಮಾರಿಕೊಂಡು ಯಾವುದೋ ಸಾದಾ ಮೊಟ್ಟೆ ತಂದಿಟ್ಟಳೆಂದು ಮಾವನ ಅಕ್ಕ ಹಟ ಹಿಡಿದಿದ್ದರು.

“ಊಟ ಆಗ್ಲಿ, ನಾನೇ ಸ್ಟೇಷನ್ನಿಗೆ ಹೋಗಿ ದೂರು ಬರೆಸ್ತೀನಿ,” ಎಂದು ಆ ಅಕ್ಕ ಅಡುಗೆಮನೆಯಿಂದಲೇ ಕೂಗಿ ಹೇಳಿದರು. “ಕಳ್ಳಿಯನ್ನ ಮನೇಲಿಟ್ಟುಕೊಂಡು ಸಾಕೋಕೆ ಇದೇನು ಛತ್ರವಾ?”

ಸೊಸೆ ಬಾಗಿಲ ಪಕ್ಕ ನಿಂತು ನೀರಿನ ಬಟ್ಟಲುಗಳನ್ನು ಒರೆಸುತ್ತಿದ್ದಳು. ಬೀದಿಯ ಕೊನೆಯ ಶಿಶುವಿಹಾರದಲ್ಲಿ ಅವಳಿಗೆ ಕೆಲಸ. ಅಲ್ಲಿನ ಮಕ್ಕಳು ಅವಳ ಸೊಂಟ ಬಿಟ್ಟು ಇಳಿಯುವುದಿಲ್ಲವಂತೆ. ಕಳ್ಳತನದ ದೂರು ಒಂದು ದಾಖಲಾದರೆ ಸಾಕು, ಯಾವ ತಾಯಿಯೂ ಅವಳ ಕೈಗೆ ಮಗು ಕೊಡುವುದಿಲ್ಲ. ಗಂಡ ಹಡಗಿನ ಎಂಜಿನ್ ಕೋಣೆಯಲ್ಲಿ, ನಡುಗಡಲಲ್ಲಿ.

ಆದರೂ ಅವಳು ಬಟ್ಟಲು ಒರೆಸುತ್ತಲೇ ಇದ್ದಳು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿ.

“ಮಾವ, ಈ ಮೊಟ್ಟೆ ಮೇಲೆ ಪೆನ್ಸಿಲ್ ಚುಕ್ಕಿ ಯಾಕೆ?” ಬೆರಳಮ್ಮ ಕೇಳಿದರು. ಬೀದಿಯವರೆಲ್ಲ ಅವರನ್ನು ಮಾವ ಎಂದೇ ಕರೆಯುವುದು. ಬೆರಳಮ್ಮನೂ ಅದನ್ನೇ ಹಿಡಿದುಕೊಂಡಿದ್ದರು.

“ಇಟ್ಟ ಕೂಡಲೇ ಮೇಲ್ಭಾಗಕ್ಕೆ ಒಂದು ಗುರುತು ಹಾಕ್ತೀನಿ. ಕೋಳಿಮೊಟ್ಟೆ ಥರ ಇವನ್ನ ತಿರುಗಿಸೋ ಹಾಗಿಲ್ಲ. ಮಗ್ಗುಲು ಬದಲಾದ್ರೆ ಒಳಗಿರೋ ಕೂಸು ಉಸಿರು ಕಟ್ಟಿ ಹೋಗುತ್ತೆ. ಹಾಗೇ ಎತ್ತಿ, ಹಾಗೇ ಕಾವಿನ ಪೆಟ್ಟಿಗೇಲಿ ಇಟ್ಟುಬಿಟ್ರೆ ಆಮೇಲೆ ಮುಟ್ಟೋದೇ ಇಲ್ಲ.”

“ಗುರುತು ಹಾಕೋರು ನೀವೊಬ್ಬರೇನಾ?”

“ನಾನೊಬ್ಬನೇ. ಮೊಟ್ಟೆ ಇಟ್ಟಾಗ ಸೊಸೆ ಊರಲ್ಲೇ ಇರ್ಲಿಲ್ಲ, ತವರಲ್ಲಿದ್ಲು.”

ಬೆರಳಮ್ಮ ಸಿಪ್ಪೆಯ ಮೇಲೆ ಒಂದು ಹನಿ ನೀರು ಬಿಟ್ಟರು. ಗೆಕ್ಕೊ ಮೊಟ್ಟೆಯ ಸಿಪ್ಪೆ ತೆಳು ಚರ್ಮದ ಹಾಗೆ. ನೀರು ಕುಡಿದು ಮೆಲ್ಲಗೆ ಅರಳಿತು. ಚುಕ್ಕಿಯ ಪಕ್ಕದಲ್ಲಿ ಬೂದುಬಣ್ಣದ ಮಸುಕು ಕಲೆ. ಭೂತಗನ್ನಡಿಯಡಿ ಕಲೆ ಗೆರೆಗಳಾಯಿತು. ಬೆರಳ ತುದಿಯ ಚಂದದ ಶಂಖ. ಅದರ ಹೊಟ್ಟೆಯನ್ನು ಸೀಳಿಕೊಂಡು ಹೋದ ಒಂದು ಹಳೆಯ ಗಾಯದ ಗುರುತು.

“ಹೆಬ್ಬೆರಳು ತೋರಿಸಿ.”

ಮಾವ ಚಾಚಿದರು. ಬಣ್ಣದ ಡಬ್ಬದ ಮುಚ್ಚಳ ಕುಯ್ದ ಗಾಯ ಅಲ್ಲಿತ್ತು. ಪೆನ್ಸಿಲ್ ಪುಡಿ ಮೆತ್ತಿದ ಬೆರಳಿನಿಂದ ಅವರೇ ಮೊಟ್ಟೆ ಎತ್ತಿಟ್ಟಿದ್ದರು. ಎರಡನೆಯ ಸಿಪ್ಪೆಯಲ್ಲೂ ಅದೇ ಶಂಖ, ಅದೇ ಸೀಳು.

“ನಿಮ್ಮ ಅಕ್ಕನಿಗೆ ಹೇಳಿ, ಮೊಟ್ಟೆಗಳನ್ನ ಯಾರೂ ಬದಲಾಯಿಸಿಲ್ಲ,” ಎಂದರು ಬೆರಳಮ್ಮ. “ನೀವು ಪೆಟ್ಟಿಗೆಯಲ್ಲಿ ಇಟ್ಟ ಮೊಟ್ಟೆಗಳೇ ಒಡೆದು ಮರಿಯಾಗಿವೆ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸೊಸೆಯ ಕೈಯ ಬಟ್ಟಲೂ ನಿಂತಿತು. ಅವಳ ಮುಖದಲ್ಲಿ ಸಮಾಧಾನ ಕಾಣಬೇಕಿತ್ತು. ಕಂಡದ್ದು ಭಯ.

ಅದನ್ನು ಬೆರಳಮ್ಮ ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟುಕೊಂಡರು.

“ಆದ್ರೆ ಬಿಳಿಗೆ ಬಿಳಿ ಕಲಸಿದ್ರೆ ಬಿಳೀನೇ ಬರ್ಬೇಕಲ್ಲ!” ಮಾವ ತಲೆ ಕೆರೆದುಕೊಂಡರು. ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವುದು ಅವರ ಕಸುಬು. ಯಾರೋ ತಂದ ಗೋಡೆಯ ಚಕ್ಕೆಯನ್ನು ನೋಡಿ, ಯಂತ್ರವನ್ನೂ ಕೇಳದೆ, ಅದೇ ಬಣ್ಣ ಕಲಸಿ ಕೊಡುತ್ತಿದ್ದವರು. “ಬಿಳಿ ಎರಡು ಡಬ್ಬ ಸುರಿದು ಕಂದು ಬಂದದ್ದನ್ನ ನನ್ನ ಜನ್ಮದಲ್ಲಿ ನೋಡಿಲ್ಲ.”

ಆಗ ಒಳಗೆ ಬಂದವನು ಕ್ಯಾರೆಟ್. ಓರಿಗೆಯವನಲ್ಲದಿದ್ದರೂ ಮಾವನ ಹಳೆಯ ಗೆಳೆಯ, ಕಸುಬಿನಿಂದ ವೈರಿಂಗ್ ಕೆಲಸದವನು. ಕಿತ್ತಳೆ ಬಾಲದ ಗೆಕ್ಕೊಗಳನ್ನು ಸಾಕಿ ಸಾಕಿ ಈ ಹೆಸರು ಅಂಟಿಸಿಕೊಂಡಿದ್ದ. ಬೆರಳಮ್ಮನೇ ಅವನನ್ನು ಕರೆಸಿದ್ದರು.

“ಅಮ್ಮಾ, ಮೊದಲು ಇವರನ್ನೆಲ್ಲ ಒಂದ್ಸಲ ಕಣ್ತುಂಬ ನೋಡಿದ್ರಾ ಇಲ್ವಾ? ಬಂದ ಕೂಡ್ಲೇ ಸಿಪ್ಪೆ ಹಿಡ್ಕೊಂಡು ಕೂತ್ರಾ?”

ನಿಜ, ನೋಡಿರಲಿಲ್ಲ. ಅವನು ತೋರಿಸುತ್ತ ಹೋದ. ಗೋಡೆಯುದ್ದಕ್ಕೂ ಗಾಜಿನ ಮನೆಗಳು, ಅಡಿಯಲ್ಲಿ ಬೆಚ್ಚಗಿನ ತಂತಿ, ಒಂದೊಂದರಲ್ಲೂ ಅಡಗಲು ಒಂದು ಮಡಕೆಯ ಚೂರು. ಗೋಡೆ ಹತ್ತದ, ರೆಪ್ಪೆ ಮುಚ್ಚಿ ತೆರೆಯುವ ಈ ಹಲ್ಲಿಗಳು ಮನುಷ್ಯರನ್ನು ದಿಟ್ಟಿಸಿ ನೋಡುತ್ತವೆ. ಬಾಯಿಯ ಗೆರೆಯೇ ಹಾಗೋ ಏನೋ, ಎಲ್ಲವೂ ಏನೋ ಗುಟ್ಟು ತಿಳಿದು ನಗುತ್ತಿರುವಂತೆ.

ಒಂದು, ಹಳದಿ ಮೈಯ ತುಂಬ ಚಿರತೆಯ ಚುಕ್ಕೆ ಹೊತ್ತದ್ದು. ಇದೇ ಮೂಲದ ಬಣ್ಣ. ಇನ್ನೊಂದರ ಹಳದಿ ಪೂರಾ ಅಳಿಸಿ, ಹಾಲಿನ ಮೇಲೆ ಮಸಿ ಚೆಲ್ಲಿದಂತೆ. ಒಂದರ ಕಣ್ಣು ಪೂರ್ತಿ ಕಪ್ಪು, ಬಿಳಿಗುಡ್ಡೆಯೇ ಇಲ್ಲ, ಎರಡು ಮೆಣಸಿನ ಕಾಳು. ಒಂದರ ಬಾಲಕ್ಕೆ ಮಾತ್ರ ಕೆಂಪು ಕಿತ್ತಳೆ ಅದ್ದಿತ್ತು. ಮರಿಗಳಾಗಿದ್ದಾಗ ಅಡ್ಡಪಟ್ಟೆ, ಬೆಳೆದಂತೆ ಪಟ್ಟೆ ಒಡೆದು ಚುಕ್ಕೆ, ಕೆಲವಕ್ಕೆ ಚುಕ್ಕೆಯೂ ಕರಗಿ ಬರೀ ಬಯಲು. ಇಡೀ ಜೀವಮಾನ ಬೆರಳ ಗೆರೆ ನೋಡಿದ್ದ ಬೆರಳಮ್ಮನಿಗೆ, ಇಷ್ಟು ಪುಟ್ಟ ಬೆನ್ನುಗಳ ಮೇಲೆ ಇಷ್ಟು ಬಗೆ ಬರೆದ ಕೈ ಯಾವುದಪ್ಪಾ ಅನ್ನಿಸಿತು.

“ಇದೆಲ್ಲ ತಾನಾಗಿ ಬರಲ್ಲ,” ಎಂದ ಕ್ಯಾರೆಟ್. “ಯಾರಿಗೆ ಯಾರನ್ನ ಜೋಡಿ ಹಾಕ್ಬೇಕು ಅಂತ ಕಾದು ನೋಡೋ ತಾಳ್ಮೆ ಬೇಕು. ಅಣ್ಣನ ಹಾಗೆ ಕಾದವರು ಇಲ್ಲ. ನಾನು ಹೊಟ್ಟೆಕಿಚ್ಚು ಪಡ್ತೀನಿ, ಆದ್ರೆ ನಿಜ ಹೇಳ್ಬೇಕಲ್ಲ.”

ಗೋಡೆಯ ಮೇಲೆ ಕಟ್ಟು ಹಾಕಿದ ಒಂದು ಫೋಟೋ ಇತ್ತು. ಬಿಳಿ ಗೆಕ್ಕೊ. ಆದರೆ ಆ ಬಿಳಿಯೊಳಗೆ, ಕತ್ತಿನಿಂದ ಬಾಲದವರೆಗೆ, ಸೂರ್ಯ ಹುಟ್ಟುವ ಮುಂಚೆ ಆಕಾಶದ ಅಂಚಿಗೆ ಹತ್ತುವಂಥ ತೆಳು ಗುಲಾಬಿ. ಇದೇ ‘ಮುಂಜಾವು’. ಮಾವ ಗೆಕ್ಕೊಗಳ ಹಲವು ತಲೆಮಾರು ಸಾಕಿ ತಂದ ಬಣ್ಣ. ಬೇರೆ ಯಾರ ಮನೆಯಲ್ಲೂ ಇಲ್ಲ. ಪಟ್ಟೆ ಮರಿಗಳ ತಂದೆ ತಾಯಿ ಇಬ್ಬರೂ ಇದೇ ಮನೆತನದವರೆಂದು ಮಾವನ ನಂಬಿಕೆ.

“ಈಗ ಬಿಳಿ ಬಿಳಿ ಸೇರಿ ಪಟ್ಟೆ ಬಂದದ್ದು ಹೇಗಯ್ಯಾ, ಅದನ್ನ ಹೇಳು,” ಎಂದರು ಬೆರಳಮ್ಮ.

ಕ್ಯಾರೆಟ್‌ಗೆ ತನ್ನ ಕಸುಬಿನ ಮಾತು ಸಿಕ್ಕಿತು. “ಎರಡು ಮನೇಲಿ ದೀಪ ಉರೀತಿಲ್ಲ ಅಂತಿಟ್ಕೊಳ್ಳಿ. ಒಂದರಲ್ಲಿ ಬಲ್ಬ್ ಹೋಗಿದೆ, ವೈರ್ ಸರಿ ಇದೆ. ಇನ್ನೊಂದರಲ್ಲಿ ವೈರ್ ಕಿತ್ತಿದೆ, ಬಲ್ಬ್ ಸರಿ ಇದೆ. ಹೊರಗಿಂದ ನೋಡಿದ್ರೆ ಎರಡೂ ಕತ್ತಲೆ, ಒಂದೇ ಥರ. ಈಗ ಎರಡೂ ಮನೆಯಿಂದ ಸಾಮಾನು ತಂದು ಮಕ್ಕಳು ಹೊಸ ಮನೆ ಕಟ್ಟಿದ್ರೆ? ಇವರ ವೈರು, ಅವರ ಬಲ್ಬು. ದೀಪ ಹತ್ತಿಬಿಡುತ್ತೆ! ಮೈಯ ಬಣ್ಣ ಅಳಿಸೋದೂ ಹಾಗೇ. ಅಳಿಸೋಕೆ ಬೇರೆಬೇರೆ ದಾರಿ ಇದೆ. ಒಂದೇ ಮನೆತನದ ಬಿಳಿಗಳನ್ನ ಜೋಡಿಸಿದ್ರೆ ಬಿಳಿ ಮರಿ. ಬೇರೆ ಮನೆತನದ ಬಿಳಿ ತಂದು ಜೋಡಿಸಿದ್ರೆ, ಅಳಿಸಿದ್ದ ಬಣ್ಣ, ಪಟ್ಟೆ ಎಲ್ಲ ವಾಪಸ್.”

“ಅಂದ್ರೆ ಈ ತಾಯಿ ಮುಂಜಾವಿನ ಮನೆತನದವಳೇ ಅಲ್ಲ.”

“ಅಲ್ಲ. ಗಂಡಿನ ಮೈಯಲ್ಲಿ ಆ ಗುಲಾಬಿ ಇದ್ದೇ ಇದೆ, ಯಾರೋ ತಾಯಿಯನ್ನೇ ಬದಲಾಯಿಸಿದ್ದಾರೆ. ಅದೂ ಜೋಡಿ ಹಾಕೋ ಮುಂಚೆ.” ಅವನು ತುಟಿ ಕಚ್ಚಿಕೊಂಡ. “ಬಿಳಿ ಅಂದ್ರೆ ಬಿಳಿ ಅಂದ್ಕೊಂಡವರು. ಗೆಕ್ಕೊ ಸಾಕೋರು ಯಾರೂ ಈ ತಪ್ಪು ಮಾಡಲ್ಲಮ್ಮ. ನಾನು ಕದ್ದಿದ್ರೆ ಇನ್ನೂ ಚೆನ್ನಾಗಿ ಕದೀತಿದ್ದೆ.”

“ನಿನ್ನ ಮೇಲೆ ನನಗೆ ಈಗ ನಂಬಿಕೆ ಬಂತು,” ಎಂದು ಬೆರಳಮ್ಮ ನಕ್ಕರು. “ನೀನು ಅಸಲಿ ಮುಂಜಾವನ್ನ ಕೊನೇ ಸಲ ನೋಡಿದ್ದು ಯಾವಾಗ?”

“ಇವಳು ತವರಿಗೆ ಹೋದ ಮೇಲೆ.” ಸೊಸೆಯ ಕಡೆ ತಲೆ ಆಡಿಸಿದ. “ಅಮ್ಮನ ಆಪರೇಷನ್ ಅಂತ ಹೋಗಿದ್ಲಲ್ಲ, ಆಗ ಇಲ್ಲಿ ಹೀಟರ್ ತಂತಿ ಸುಟ್ಟಿತ್ತು, ಬಂದು ಸರಿ ಮಾಡ್ದೆ. ಅವತ್ತು ನನ್ನ ಅಂಗೈ ಮೇಲೇ ಮಲಗಿದ್ಲು. ಅದೇ ಗುಲಾಬಿ. ಆಮೇಲೆ ಅಣ್ಣ ಜೋಡಿ ಹಾಕಿದ್ರು. ಜೋಡಿ ಹಾಕಿದ ಮೇಲೆ ಮರಿಯಾಗೋವರೆಗೂ ಹೊರಗಿನವರನ್ನ ಒಳಗೆ ಬಿಡಲ್ಲ, ಅದು ಈ ಕೋಣೆಯ ಕಟ್ಟಳೆ.”

ಲೆಕ್ಕ ಸರಿಯಾಗಿತ್ತು. ಅಸಲಿ ತಾಯಿ ಮಾಯವಾದಾಗ ಸೊಸೆ ತವರಿನ ಆಸ್ಪತ್ರೆಯಲ್ಲಿ ಅಮ್ಮನ ಹಾಸಿಗೆಯ ಪಕ್ಕ ಇದ್ದಳು. ಅವಳು ಪಾರಾದಳು.

ಆದರೆ ಅಲ್ಲೇ ಇನ್ನೊಂದು ಪ್ರಶ್ನೆ ಬಾಯಿ ತೆರೆದು ಕೂತಿತ್ತು. ತಾಯಿಯನ್ನು ತಮ್ಮ ಕೈಯಾರೆ ಎತ್ತಿ ಗಂಡಿನ ಮನೆಗೆ ಬಿಟ್ಟವರು ಮಾವ. ಬಿಳಿಯಲ್ಲಿ ನೂರು ಬಿಳಿ ಗುರುತಿಸುವ ಮಾವ. ತಾವೇ ಹುಟ್ಟಿಸಿದ ಬಣ್ಣ ಕೈಯಲ್ಲಿಲ್ಲ ಎಂಬುದು ಅವರಿಗೆ ಹೇಗೆ ತಿಳಿಯಲಿಲ್ಲ?

ಮಾವ ಆಗಲೇ ಆ ಗೆಕ್ಕೊವನ್ನು ಹೊರತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. “ನೀನು ಬೇರೇನಾ ಮಗಳೇ?” ಎನ್ನುತ್ತಿದ್ದರು ಮೆಲ್ಲಗೆ. “ಅದಕ್ಕೇ ನನ್ನ ಕೈಗೆ ಬರ್ತಾ ಇರ್ಲಿಲ್ವಾ? ಕೋಪ ಮಾಡ್ಕೊಂಡಿದೀಯ ಅಂದ್ಕೊಂಡಿದ್ದೆ.” ಕಳ್ಳಮಾಲು ಎಂದು ತಿಳಿದ ಮೇಲೂ ಅವರ ಬೆರಳು ಅದರ ಗಲ್ಲ ಸವರುವುದನ್ನು ನಿಲ್ಲಿಸಲಿಲ್ಲ.

ಸೊಸೆ ನೀರು ಬದಲಾಯಿಸಲು ಬಟ್ಟಲುಗಳನ್ನು ಹೊತ್ತು ಹಿತ್ತಲಿಗೆ ಹೋದಳು. ಕ್ಯಾರೆಟ್ ಅವಳಿಗೆ ಬಾಗಿಲು ಹಿಡಿಯಲು ಹಿಂದೆಯೇ ನಡೆದ.

ಬೆರಳಮ್ಮ ಕುರ್ಚಿ ಎಳೆದುಕೊಂಡು ಕೂತರು. ಈ ಬೆಳಗಿನಿಂದ ಅವರ ಕಿವಿಗೆ ಒಂದು ವಿಚಿತ್ರ ಬೀಳುತ್ತಲೇ ಇತ್ತು. ಸೊಸೆ ಪ್ರತಿ ಗಾಜಿನ ಮನೆಯ ಮುಂದೆ ನಿಂತು, ‘ಮಾವ, ಇವನ ಬಾಲ ಇವತ್ತು ಕಿತ್ತಳೆ ಸಿಪ್ಪೆ ಹಾಗಿದೆ’, ‘ಮಾವ, ಇವಳ ಚುಕ್ಕೆ ಇನ್ನಷ್ಟು ತಿಳಿಯಾಯ್ತು’ ಎನ್ನುವಳು. ಮಾವ ಅದನ್ನೇ ಇನ್ನೂ ಚಂದದ ಮಾತಿನಲ್ಲಿ ಹೊರಗಿನವರಿಗೆ ಹೇಳುವರು.

ಈಗ ಸೊಸೆ ಇಲ್ಲಿಲ್ಲ.

“ಮಾವ, ನಿಮ್ಮ ಮಡಿಲಲ್ಲಿ ಇರೋಳ ಬಣ್ಣ ಇವತ್ತು ಹೇಗಿದೆ?”

ಮಾವ ಗೆಕ್ಕೊವನ್ನು ಕಿಟಕಿಯ ಕಡೆ ಎತ್ತಿದರು. “ಬೆನ್ನು ಮಾತ್ರ ಪೀಚ್ ಹಣ್ಣು. ಮಿಕ್ಕಿದ್ದು ಕೆನೆ.”

ಬೆರಳಮ್ಮ ಹತ್ತಿರಕ್ಕೆ ಬಾಗಿ ನೋಡಿದರು. ಆ ಗೆಕ್ಕೊ ಪೊರೆ ಬಿಡಲು ಸಜ್ಜಾಗಿತ್ತು. ಹಳೆಯ ಚರ್ಮ ಮೈಯಿಂದ ಸಡಿಲಗೊಂಡು, ಮೂಗಿನಿಂದ ಬಾಲದ ತುದಿಯವರೆಗೂ ಅದು ಸುಣ್ಣದ ನೀರಿನಲ್ಲಿ ಅದ್ದಿ ತೆಗೆದಂತೆ ಮಂಕು ಬಿಳುಪಾಗಿತ್ತು. ಅದರ ಮೇಲೆ ಪೀಚ್ ಹಣ್ಣಿನ ಬಣ್ಣ ಒಂದು ಗುಲಗಂಜಿಯಷ್ಟೂ ಇರಲಿಲ್ಲ.

“ಚೆನ್ನಾಗಿದೆ ಮಾವ,” ಎಂದಷ್ಟೇ ಹೇಳಿ ಅವರು ಎದ್ದರು.

ಹಿತ್ತಲಿನ ನಲ್ಲಿಯ ಹತ್ತಿರ ಸೊಸೆ ಒಬ್ಬಳೇ ಇದ್ದಳು. ಕ್ಯಾರೆಟ್ ಮೀಟರ್ ಪೆಟ್ಟಿಗೆ ನೋಡಲು ಆಚೆ ಹೋಗಿದ್ದ.

“ಯಾವಾಗಿಂದ ಕಾಣಿಸ್ತಿಲ್ಲ ಅವರಿಗೆ?”

ಬಟ್ಟಲು ಕೈಜಾರಿ ಕಲ್ಲಿನ ಮೇಲೆ ಉರುಳಿತು. ಸೊಸೆ ಅದನ್ನು ಎತ್ತಲಿಲ್ಲ.

“ನೀವು ಯಾರಿಗೂ ಹೇಳ್ಬಾರ್ದು.”

“ಮೊದಲು ನೀನು ನನಗೆ ಹೇಳಮ್ಮ.”

“ಕಣ್ಣಿನ ಪೊರೆ ಅಲ್ಲ, ಆಪರೇಷನ್ ಮಾಡಿಸಿದ್ರೆ ಹೋಗೋಕೆ. ಒಳಗಿನ ನರ ಅಂದ್ರು ಡಾಕ್ಟ್ರು. ನಾನೇ ಕರ್ಕೊಂಡು ಹೋಗಿದ್ದೆ.” ಅವಳ ದನಿ ನಲ್ಲಿಯ ನೀರಿಗಿಂತ ಸಣ್ಣದಾಗಿತ್ತು. “ಕಪ್ಪು ಬಿಳುಪು ಬಿಡಿಬಿಡಿಯಾಗಿ ಕಾಣುತ್ತೆ. ಪಟ್ಟೆ ಕಾಣುತ್ತೆ. ತಿಳಿ ಬಣ್ಣದ ಮೇಲೆ ತಿಳಿ ಬಣ್ಣ ಇದ್ರೆ ಎಲ್ಲ ಒಂದೇ ಮಂಜು. ಅಂಗಡೀಲಿ ಡಬ್ಬದ ಮುಚ್ಚಳಕ್ಕೆಲ್ಲ ನಾನು ಉಗುರಿಂದ ಗೀರು ಹಾಕಿಟ್ಟಿದೀನಿ. ಮುಟ್ಟಿ ಗುರುತು ಹಿಡೀತಾರೆ. ಗಿರಾಕಿ ಚಕ್ಕೆ ತಂದ್ರೆ ‘ಸಂಜೆ ಬನ್ನಿ’ ಅಂತಾರೆ. ಸಂಜೆ ನಾನು ಶಿಶುವಿಹಾರ ಮುಗಿಸಿ ಹೋಗಿ ನೋಡಿ ಹೇಳ್ತೀನಿ.”

“ತವರಿಂದ ಬಂದ ದಿನವೇ ನಿನಗೆ ಗೊತ್ತಾಗಿತ್ತು. ತಾಯಿ ಬೇರೆ ಅಂತ.”

“ಬಾಗಿಲಲ್ಲೇ ಗೊತ್ತಾಯ್ತು. ಇವಳಲ್ಲಿ ಗುಲಾಬಿ ಇಲ್ಲ, ನಿಂಬೆ ಛಾಯೆ ಇದೆ.”

“ಆದ್ರೂ ಅವರ ಹತ್ತಿರ ಪೀಚ್ ಹಣ್ಣು ಅಂತ ಹೇಳ್ತಾ ಬಂದೆ.”

“ಏನು ಹೇಳ್ಲಿ ಮತ್ತೆ?” ಅವಳು ಮೊದಲ ಸಲ ತಲೆ ಎತ್ತಿದಳು. ಕಣ್ಣು ಒದ್ದೆಯಾಗಿದ್ದರೂ ನೋಟ ಗಟ್ಟಿಯಿತ್ತು. “‘ಮಾವ, ನೀವು ಇಷ್ಟು ವರ್ಷ ಕೂತು ಮಾಡಿದ ಬಣ್ಣವನ್ನ ನಿಮ್ಮ ಕಣ್ಣೆದುರೇ ಕದ್ದುಕೊಂಡು ಹೋದ್ರು, ನಿಮಗೆ ಕಾಣಲೇ ಇಲ್ಲ’ ಅಂತ ಹೇಳ್ಬೇಕಿತ್ತಾ? ನಾನೇ ಹುಡುಕಿ ತಂದು ಇಟ್ಟುಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ ಮರಿಯಾಯ್ತು.”

“ಕಳ್ಳಿ ಅನ್ನಿಸ್ಕೊಂಡು ಸುಮ್ನಿದ್ದೆಯಲ್ಲ. ಠಾಣೆಗೆ ಎಳೆದಿದ್ರೆ?”

“ನನ್ನ ಮಾತು ಬಿಡಿ. ನಾನು ಇನ್ನೊಂದು ಕೆಲಸ ಹುಡುಕ್ಕೋತೀನಿ. ಅವರಿಗೆ ಆ ಅಂಗಡಿ ಬಿಟ್ರೆ ಬೇರೆ ಲೋಕ ಗೊತ್ತಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ನನ್ನ ಕೋಣೆಗೆ ಯಾವ ಬಣ್ಣ ಬೇಕು ಅಂತ ಕೇಳಿದ್ರು. ನಮ್ಮಮ್ಮನ ಹಳೇ ಸೀರೆ ಬಣ್ಣ ಅಂದೆ ತಮಾಷೆಗೆ. ಅದೇ ಬಣ್ಣ ಬರೋವರೆಗೂ ಕಲಸಿ ಕಲಸಿ ಚೆಲ್ಲಿದ್ರು.”

ಬೆರಳಮ್ಮ ಬಾಗಿ ಬಟ್ಟಲನ್ನು ಎತ್ತಿ, ತಮ್ಮ ಸೆರಗಿನಲ್ಲಿ ಒರೆಸಿ ಅವಳ ಕೈಗೆ ಕೊಟ್ಟರು. ಸೇವೆಯಲ್ಲಿದ್ದಾಗ ಎಷ್ಟೋ ಸುಳ್ಳು ಕೇಳಿದ್ದರು. ಇಷ್ಟು ಶ್ರಮ ಪಟ್ಟು, ಇಷ್ಟು ಚೊಕ್ಕವಾಗಿ, ತನಗೇನೂ ಉಳಿಸಿಕೊಳ್ಳದೆ ಹೇಳಿದ ಸುಳ್ಳನ್ನು ಕೇಳಿರಲಿಲ್ಲ.

“ಒಂದು ಮಾತು ಯೋಚಿಸು ಮಗಳೇ. ಬೇರೆ ಬಿಳಿ ಗೆಕ್ಕೊ ತಂದು ಇಲ್ಲಿಟ್ಟು ಹೋಗೋಕೆ ಎಷ್ಟು ಧೈರ್ಯ ಬೇಕು? ಬಣ್ಣದ ಮಾವ ನೋಡಿದ ಕೂಡಲೇ ಹಿಡೀತಾರೆ ಅಂತ ಬೀದಿಗೆಲ್ಲ ಗೊತ್ತು. ಹಿಡಿಯಲ್ಲ ಅಂತ ಖಾತ್ರಿ ಇದ್ದವರು ಮಾತ್ರ ಈ ಕೆಲಸ ಮಾಡಬಲ್ಲರು.”

ಸೊಸೆಯ ಬಾಯಿ ಅರೆ ತೆರೆದುಕೊಂಡಿತು.

“ಅವರ ಕಣ್ಣಿನ ವಿಷಯ ಇನ್ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ. ನಮ್ಮೆಜಮಾನ್ರಿಗೂ ಹೇಳಿಲ್ಲ. ಕ್ಯಾರೆಟ್ ಅಣ್ಣನಿಗೂ ಗೊತ್ತಿಲ್ಲ. ದೇವರಾಣೆ, ನಾನು ಮತ್ತೆ ಆ ಡಾಕ್ಟ್ರು, ಅಷ್ಟೇ.”

“ಊಟಕ್ಕೆ ಬರ್ತೀರೋ, ಅಲ್ಲೇ ಪಂಚಾಯ್ತಿ ಮುಗಿಸ್ತೀರೋ?” ಒಳಗಿನಿಂದ ಅಕ್ಕನ ಕೂಗು.

ನಡುಮನೆಯ ಮೇಜಿನ ಸುತ್ತ ಎಲ್ಲರೂ ಕೂತರು. ಅಕ್ಕ ಬಡಿಸುತ್ತಲೇ ಬಯ್ಯುತ್ತಿದ್ದರು. “ಮೊಟ್ಟೆ ಬದಲಾಗಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿಹೋಯ್ತಾ? ತಾಯಿ ಬದಲಾಯ್ತಂತೆ! ನಾನೂ ಕೇಳಿಸ್ಕೊಂಡೆ, ಕಿವುಡಿ ಅಲ್ಲ ನಾನು. ದೂರು ಕೊಟ್ಟೇ ಕೊಡ್ತೀನಿ, ಅವರೇ ಹುಡುಕಲಿ. ಈ ಹಲ್ಲಿಗಳು ನನ್ನ ತಮ್ಮನ ಆಯುಸ್ಸನ್ನೇ ತಿಂದು ಹಾಕಿದ್ವು. ಒಂದು ಹೋದ್ರೆ ಪೀಡೆ ತೊಲಗಿತು ಅನ್ಕೋಬೇಕು.”

“ಅಕ್ಕ, ಸಾಕು ಬಿಡೇ,” ಎಂದರು ಮಾವ.

“ನೀನು ಸುಮ್ನೆ ಕೂತ್ಕೋ. ಅನ್ನ ಆರುತ್ತೆ.”

ಬೆರಳಮ್ಮನ ಮುಂದೆ ಬಿಳಿ ಪಿಂಗಾಣಿ ತಟ್ಟೆ ಬಂತು. ಅದರಲ್ಲಿ ಬಿಳಿ ಅನ್ನ, ಬೇಯಿಸಿದ ಮೊಟ್ಟೆಯ ಹೋಳುಗಳು. ಕ್ಯಾರೆಟ್‌ಗೂ ಅಂಥದೇ ತಟ್ಟೆ, ಸೊಸೆಗೂ ಅಂಥದೇ. ಅನ್ನ ಎಲ್ಲಿ ಮುಗಿದು ತಟ್ಟೆ ಎಲ್ಲಿ ಶುರುವಾಯಿತೆಂದು ಒಳ್ಳೆಯ ಕಣ್ಣಿಗೂ ಒಂದು ಗಳಿಗೆ ಹಿಡಿಯುವಂತಿತ್ತು.

ಅಕ್ಕ ಮತ್ತೆ ಅಡುಗೆಮನೆಗೆ ಹೋಗಿ ತಮ್ಮನ ಊಟ ತಂದರು.

ತಟ್ಟೆ ಕಡುನೀಲಿ. ರಾತ್ರಿಯಷ್ಟು ಕಡು. ಅದರ ಮೇಲೆ ಅನ್ನದ ಒಂದೊಂದು ಅಗುಳೂ ಬಿಡಿಬಿಡಿಯಾಗಿ ಹೊಳೆಯುತ್ತಿತ್ತು. ಮೊಟ್ಟೆಯ ಹೋಳುಗಳನ್ನು ಒಂದಕ್ಕೊಂದು ತಾಕದಂತೆ, ನಡುನಡುವೆ ನೀಲಿ ಕಾಣುವಂತೆ ಜೋಡಿಸಲಾಗಿತ್ತು.

ಬೆರಳಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವರು ಸೊಸೆಯನ್ನು ನೋಡಿದರು. ಸೊಸೆ ಆ ತಟ್ಟೆಯನ್ನೇ ದಿಟ್ಟಿಸುತ್ತಿದ್ದಳು. ಬಣ್ಣ ಬತ್ತಿದ ಮುಖದಲ್ಲಿ, ಕಂಡೂ ಕಾಣದಷ್ಟು, ಅವಳು ತಲೆ ಅಲ್ಲಾಡಿಸಿದಳು. ಇದು ನಾನು ಹೇಳಿಕೊಟ್ಟದ್ದಲ್ಲ. ಅಂದರೆ, ಮಾವನ ಕಣ್ಣಿನ ವಿಷಯ ಈ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿತ್ತು.

ಬಯ್ಗುಳ ನಿಂತಿತ್ತು. ಅಕ್ಕ ತಮ್ಮನ ಪಕ್ಕಕ್ಕೆ ಬಂದು, ಬಾಗಿ, ಯಾರೂ ಗಮನಿಸುತ್ತಿಲ್ಲವೆಂಬ ನಂಬಿಕೆಯಲ್ಲಿ, ಆ ನೀಲಿ ತಟ್ಟೆಯನ್ನು ಸದ್ದಿಲ್ಲದೆ ಅವರ ಎರಡೂ ಕೈಗಳಿಗೆ ಕೊಟ್ಟರು.